ಆದವಾನಿ ಸೀಮೆಯಲ್ಲಿ ಮಗುವಿನ ದಾರಿ

ಹೊಳಗುಂದದ ಕಡೆಯಿಂದ ಆದವಾನಿಗೆ ಬರುವವರನ್ನು ಊರಿಗಿಂತ ಮೊದಲು ಕೋಟೆಯ ಕಲ್ಲುಬೆಟ್ಟಗಳು ಎದುರುಗೊಳ್ಳುತ್ತವೆ. ಸುತ್ತ ಎರೆಭೂಮಿ, ಹತ್ತಿಯ ಹೊಲ, ನಡುನಡುವೆ ಮಳೆಗಾಲದಲ್ಲಿ ಮಾತ್ರ ಮಾತನಾಡುವ ಹಳ್ಳಗಳು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಒಡೆದಾಗ ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ನಕ್ಷೆಯ ಗೆರೆ ಬದಲಾದರೂ ನೆಂಟಸ್ತಿಕೆಯ ದಾರಿಗಳು ಮಾತ್ರ ಇಂದಿಗೂ ಸಿರುಗುಪ್ಪ, ಬಳ್ಳಾರಿಗಳ ಕಡೆಗೇ ಹರಿಯುತ್ತಿವೆ.

ಈ ಸೀಮೆಯನ್ನು ಈ ಸಲ ನಾವು ನೋಡಹೊರಟದ್ದು ಕೋಟೆಗಾಗಿಯಲ್ಲ, ಮಂತ್ರಾಲಯದ ಯಾತ್ರೆಗಾಗಿಯೂ ಅಲ್ಲ. ಆಟಿಸಂ ಇರುವ ಮಗುವೊಂದು ಮನೆಯಿಂದ ಹೊರಟು, ಕಲಿಯುವ ಸ್ಥಳವನ್ನು ಸೇರಿ, ಸಂಜೆಗೆ ಮರಳಬೇಕಾದ ದಾರಿ ಎಂದು ಇದನ್ನು ನೋಡಿದರೆ ಅದೇ ರಸ್ತೆ ಬೇರೆಯಾಗಿ ಕಾಣುತ್ತದೆ.

ಸ್ವಲೀನತೆ ಎಂದೂ ಕರೆಯಲ್ಪಡುವ ಈ ಸ್ಥಿತಿ ರೋಗವಲ್ಲ. ಮಿದುಳಿನ ಬೆಳವಣಿಗೆಯ ಒಂದು ಭಿನ್ನ ರೀತಿ. ಇಂಥ ಹಲವು ಮಕ್ಕಳಿಗೆ ನಿನ್ನೆಯಂತೆಯೇ ಇಂದೂ ನಡೆಯುವುದು ದೊಡ್ಡ ಆಸರೆ. ಅದೇ ಹೊತ್ತು, ಅದೇ ಆಸನ, ಅದೇ ಚಾಲಕನ ಮುಖ ಇದ್ದರೆ ಮಗು ನಿಶ್ಚಿಂತೆಯಿಂದ ಕುಳಿತಿರುತ್ತದೆ. ಹಾರ್ನಿನ ಕರ್ಕಶ ಧ್ವನಿ, ಮೈಗೆ ಮೈ ತಾಗುವ ನೂಕುನುಗ್ಗಲು, ಹೇಳದೆ ಬದಲಾದ ತಿರುವು, ಇವುಗಳಲ್ಲಿ ಒಂದೇ ಸಾಕು, ಮಗು ಕಿವಿ ಮುಚ್ಚಿಕೊಂಡು ಕಿರುಚಲು, ಓಡುವ ಆಟೋದಿಂದ ಇಳಿಯಲೆತ್ನಿಸಲು. ನೋಡುವವರು ಅದನ್ನು ಹಟವೆನ್ನುತ್ತಾರೆ, ತಾಯಿಗೆ ಬುದ್ಧಿ ಹೇಳಲು ಬರುತ್ತಾರೆ. ಎಂಟು ಹತ್ತು ಜನರನ್ನು ತುಂಬಿಕೊಂಡು, ತುಂಬಿದ ಮೇಲೆಯೇ ಹೊರಡುವ ನಮ್ಮ ಕಡೆಯ ಸರ್ವೀಸ್ ಆಟೋ ಇಂಥ ಮಗುವಿಗೆ ಎಷ್ಟು ಒಗ್ಗೀತೆಂಬುದನ್ನು ಓದುಗರೇ ಊಹಿಸಬಹುದು.

ಆಂಧ್ರದಲ್ಲಿ ಮಂಡಲ ಕೇಂದ್ರಗಳಲ್ಲಿ ಸಮಗ್ರ ಶಿಕ್ಷಾ ಯೋಜನೆಯ ‘ಭವಿತ’ ಕೇಂದ್ರಗಳುಂಟು. ವಿಶೇಷ ಅಗತ್ಯಗಳ ಮಕ್ಕಳಿಗೆ ಅಲ್ಲಿ ತರಬೇತಾದ ಶಿಕ್ಷಕರು ಕಲಿಸುತ್ತಾರೆ. ಪ್ರಯಾಣಕ್ಕೂ ಜೊತೆಗೆ ಬರುವವರಿಗೂ ಭತ್ಯೆಯ ಏರ್ಪಾಡಿದೆ. ಏರ್ಪಾಡು ಒಳ್ಳೆಯದೇ, ಆದರೆ ಭತ್ಯೆಯೆಂಬುದು ಹಣ, ವಾಹನವಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮನೆಯ ಮುಂದೆ ಬಂದು ನಿಲ್ಲುವ ಆಟೋ ಊರಿನಲ್ಲೇ ಇಲ್ಲದಿದ್ದರೆ ಆ ಹಣ ತಾಯಿಯ ಕೂಲಿಯ ನಷ್ಟವನ್ನೂ ತುಂಬಲಾರದು. ಮಗುವನ್ನು ಬಿಟ್ಟು, ಕಾದು, ಕರೆತರುವಷ್ಟರಲ್ಲಿ ಹೊಲದ ಕೆಲಸದ ದಿನವೇ ಮುಗಿದಿರುತ್ತದೆ. ತೀವ್ರ ತೊಂದರೆಯ ಮಕ್ಕಳು ಮನೆಯಲ್ಲಿಯೇ ಕಲಿಯುವ ಅವಕಾಶವನ್ನು 2012ರ ಶಿಕ್ಷಣ ಹಕ್ಕು ತಿದ್ದುಪಡಿ ಕೊಟ್ಟಿದೆ. ಅದು ಮಗುವಿನ ಸ್ಥಿತಿಗಾಗಿ ಇರುವ ಅವಕಾಶ. ವಾಹನವಿಲ್ಲವೆಂಬ ಕಾರಣಕ್ಕೆ ಮಗುವನ್ನು ಮನೆಪಾಠಕ್ಕೆ ನೂಕಿದರೆ ಅದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಋತುಗಳೂ ಈ ದಾರಿಗೆ ಅಡ್ಡ ಬರುತ್ತವೆ. ಹತ್ತಿಯ ಸುಗ್ಗಿಯಲ್ಲಿ ಆದವಾನಿ ಮಾರುಕಟ್ಟೆಯ ಸುತ್ತ ಟ್ರ್ಯಾಕ್ಟರು, ಲಾರಿಗಳ ಸಾಲು. ನಿತ್ಯದ ದಾರಿ ಬಿಟ್ಟು ಸುತ್ತು ಹೊಡೆಯಲೇಬೇಕು. ದಸರೆಗೆ ದೇವರಗಟ್ಟಿನ ಮಾಳಮಲ್ಲೇಶ್ವರನ ಬನ್ನಿಗೆ ಜನಸಾಗರ. ಇವೆಲ್ಲಕ್ಕಿಂತ ಕಠಿಣವಾದುದು ಗುಳೆ. ಮಳೆ ಕೈಕೊಟ್ಟ ವರ್ಷ ಈ ಭಾಗದ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಹೋಗುತ್ತವೆ. ಕಷ್ಟಪಟ್ಟು ರೂಢಿಯಾದ ಮಗುವಿನ ದಾರಿ ಅಲ್ಲಿಗೆ ಕಡಿದುಹೋಗುತ್ತದೆ. ಮರಳಿ ಬಂದಾಗ ಮೊದಲಿನಿಂದ ಆರಂಭ.

ಇನ್ನು ಗಡಿಯ ಮಾತು. ವೈದ್ಯರಿಗೆ ತೋರಿಸಲು ಸುಮಾರು ನೂರು ಕಿಲೋಮೀಟರ್ ದೂರದ ಕರ್ನೂಲಿಗಿಂತ ಬಳ್ಳಾರಿ ಹತ್ತಿರ, ಮಾತೂ ನಮ್ಮದು. ಅಂಗವಿಕಲತೆಯ ಪ್ರಮಾಣಪತ್ರ ದೇಶದಾದ್ಯಂತ ಸಲ್ಲುತ್ತದೆ. ಬಸ್ಸಿನ ರಿಯಾಯಿತಿ ಪಾಸು ಮಾತ್ರ ಅವರವರ ರಾಜ್ಯದ ಬಸ್ಸಿಗೆ. ಆಂಧ್ರದಲ್ಲಿ 2025ರ ಆಗಸ್ಟ್ 15ರಂದು ಮಹಿಳೆಯರಿಗೆ ಉಚಿತ ಪ್ರಯಾಣ ಆರಂಭವಾಯಿತು. ಪಲ್ಲೆವೆಲುಗು ಬಸ್ಸಿನಲ್ಲಿ ಮಂಡಲ ಕೇಂದ್ರಕ್ಕೆ ಹೋಗುವ ತಾಯಿಗೆ ಇದರಿಂದ ನಿಜವಾದ ಉಪಕಾರವಾಗಿದೆ. ಆದರೆ ಅಂತರರಾಜ್ಯ ಬಸ್ಸುಗಳನ್ನು ಆ ಯೋಜನೆ ಹೊರಗಿಟ್ಟಿತು. 2023ರ ಜೂನ್‌ನಲ್ಲಿ ಬಂದ ಕರ್ನಾಟಕದ ‘ಶಕ್ತಿ’ ಕರ್ನಾಟಕದ ನಿವಾಸಿಗಳಿಗೆ. ಎರಡು ಉಚಿತಗಳ ನಡುವೆ ಟಿಕೆಟ್ ಕೊಳ್ಳುವವಳು ಗಡಿಯ ಕನ್ನಡತಿ!

ಕಾನೂನು ಏನನ್ನುತ್ತದೆ? 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 2016ರ ಕಾಯ್ದೆ ಗುರುತಿಸಿದ 21 ವಿಕಲತೆಗಳಲ್ಲಿ ಅದೂ ಒಂದು. ಆ ಕಾಯ್ದೆಯ 16ನೆಯ ಕಲಮು, ಸರ್ಕಾರದ ಹಾಗೂ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ವಿದ್ಯಾಸಂಸ್ಥೆಗಳು ವಿಕಲಚೇತನ ಮಕ್ಕಳಿಗೂ, ಹೆಚ್ಚಿನ ಆಸರೆ ಬೇಕಾದ ಮಕ್ಕಳ ಸಹಾಯಕರಿಗೂ ಸಾರಿಗೆ ಸೌಲಭ್ಯ ಒದಗಿಸುವಂತೆ ಸರ್ಕಾರ ಪ್ರಯತ್ನಿಸಬೇಕೆನ್ನುತ್ತದೆ. ಅಮೆರಿಕದಲ್ಲಿ 1975ರ ಕಾಯ್ದೆಯೇ ಇಂಥ ಮಗುವಿನ ಸಾರಿಗೆಯನ್ನು ಶಿಕ್ಷಣಕ್ಕೆ ಅಂಟಿದ ಸೇವೆಯೆಂದು ಪರಿಗಣಿಸಿತು.

ಸರ್ಕಾರದ ವಾಹನ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಒಂದೇ ದಿಕ್ಕಿನ ನಾಲ್ಕೈದು ಮನೆಗಳವರು ಸೇರಿ ಒಬ್ಬ ನಂಬಿಕೆಯ ಆಟೋದವನನ್ನು ತಿಂಗಳ ಲೆಕ್ಕಕ್ಕೆ ಗೊತ್ತುಮಾಡಿಕೊಂಡು, ಭತ್ಯೆಯನ್ನು ಅದಕ್ಕೆ ಸೇರಿಸಬಹುದು. ಚಾಲಕನಿಗೆ ಮೂರು ಮಾತು ಹೇಳಿದರೆ ಸಾಕು: ಹಾರ್ನ್ ಕಡಿಮೆ ಮಾಡು, ಆಸನ ಬದಲಿಸಬೇಡ, ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸು. ಆಟೋದ, ಚಾಲಕನ, ಶಾಲೆಯ ಚಿತ್ರಗಳನ್ನು ಹೊರಡುವ ಮೊದಲು ಮಗುವಿಗೆ ಕ್ರಮವಾಗಿ ತೋರಿಸುವುದು ಅನೇಕರಿಗೆ ಫಲ ಕೊಟ್ಟ ಉಪಾಯ. ಮನೆಯಲ್ಲಿ ‘ಬಾ’ ಎಂದು ಕಲಿತ ಮಗುವಿಗೆ ಕೇಂದ್ರದಲ್ಲಿ ‘ರಾ’ ಎಂದರೆ ತಿಳಿಯದೆ ಹೋಗಬಹುದು. ಆಟೋ ಹತ್ತಿಸುವ, ಇಳಿಸುವ ನಾಲ್ಕಾರು ಕನ್ನಡ ಪದಗಳನ್ನು ಚಾಲಕನಿಗೂ ಶಿಕ್ಷಕರಿಗೂ ಬರೆದುಕೊಡಿ. ಹೆಸರು, ಫೋನ್ ಸಂಖ್ಯೆಗಳ ಚೀಟಿಯನ್ನು ಎರಡು ಲಿಪಿಗಳಲ್ಲಿಯೂ ಬರೆದು ಮಗುವಿನ ಅಂಗಿಯ ಜೇಬಿನೊಳಗೆ ಹೊಲಿಯಿರಿ.