ಬೆತ್ಲೆಹೇಮಿಗೆ ಬಸ್ಸಿರಲಿಲ್ಲ



ಆಗಮನ ಕಾಲದ ಎರಡನೇ ವಾರ ನಮ್ಮ ಯುವಕೂಟದಲ್ಲಿ ಸಂತ ಲೂಕರ ಶುಭಸಂದೇಶದ ಎರಡನೇ ಅಧ್ಯಾಯ ಓದಿದೆವು. ಚಕ್ರವರ್ತಿ ಜನಗಣತಿಗೆ ಆಜ್ಞೆ ಮಾಡಿದ. ತುಂಬು ಬಸುರಿ ಮರಿಯಮ್ಮನವರನ್ನು ಕರೆದುಕೊಂಡು ಜೋಸೆಫರು ನಜರೇತಿನಿಂದ ಬೆತ್ಲೆಹೇಮಿಗೆ ಹೊರಟರು. ನೂರು ಕಿಲೋಮೀಟರಿಗೂ ಮೀರಿದ ದಾರಿ. ನಮ್ಮಲ್ಲಿ ಚಿಕ್ಕವಳೊಬ್ಬಳು ಕೇಳಿದಳು: "ಲೆಕ್ಕ ಬರೆಯೋರೇ ಅವರ ಊರಿಗೆ ಬರಬಹುದಿತ್ತಲ್ಲ?" ಎಲ್ಲರೂ ನಕ್ಕೆವು. ನಕ್ಕ ಮೇಲೆ ನಮಗೆ ಗುಡಿಬಂಡೆ ಕಡೆಯ ಅಜ್ಜಿಯ ನೆನಪಾಯಿತು.

ಇದು ಚಿಕ್ಕಬಳ್ಳಾಪುರ ಜಿಲ್ಲೆಯ ಕೋಟೆಯ ಗುಡಿಬಂಡೆಯಲ್ಲ, ಆಂಧ್ರದ ಮಡಕಶಿರಾ ಸೀಮೆಯ ಗುಡಿಬಂಡೆ. ಮನೆಮಾತು ಕನ್ನಡ, ಬಸ್ಸಿನ ಬೋರ್ಡು ತೆಲುಗು. ಒಂದು ಕಡೆ ಶಿರಾ, ಇನ್ನೊಂದು ಕಡೆ ಹಿಂದೂಪುರ. ಮೊದಲು ಅನಂತಪುರ ಜಿಲ್ಲೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಅಜ್ಜಿಯ ಹಳ್ಳಿ ಅಲ್ಲಿಂದಲೂ ಒಳಗೆ. ಮೂರು ಭಾನುವಾರ ಅವರು ಬಲಿಪೂಜೆಗೆ ಬಂದಿರಲಿಲ್ಲ. ನಾವು ಪುಸ್ತಕದಲ್ಲಿ 'ಗೈರು' ಎಂದು ಬರೆದು ಸುಮ್ಮನಾಗಿದ್ದೆವು.

ಮರುದಿನ ನಾಲ್ವರು ಎರಡು ಬೈಕಿನಲ್ಲಿ ಹೋದೆವು. ಅಜ್ಜಿ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದರು. ಯಾಕಜ್ಜಿ ಬರಲಿಲ್ಲ ಎಂದರೆ, "ಏನ್ ಮಾಡ್ಲಿ ಮಗಾ, ಕಾಲೂ ಬರಲ್ಲ, ಬಸ್ಸೂ ಬರಲ್ಲ. ಎರಡರಲ್ಲಿ ಒಂದಾದ್ರೂ ಬಂದಿದ್ರೆ ನಾನೂ ಬತ್ತಿದ್ದೆ" ಎಂದರು. ಭಾನುವಾರ ಬೆಳಿಗ್ಗೆಯ ಬಸ್ಸು ನಿಂತು ತಿಂಗಳಾಗಿತ್ತು. ಆಟೋ ಸಿಗಬೇಕಾದರೆ ದೊಡ್ಡ ರಸ್ತೆಯವರೆಗೆ ನಡೆಯಬೇಕು.

ಬಸ್ಸು ಯಾಕೆ ನಿಂತಿತು ಎಂದು ಊರಲ್ಲಿ ಕೇಳಿದೆವು. ಮಂದಿ ಇಲ್ಲ, ಅದಕ್ಕೆ ಬಸ್ಸಿಲ್ಲ ಎಂದರು. ಮಂದಿ ಯಾಕಿಲ್ಲ ಎಂದೆವು. ಕಾಲೇಜಿಗೆ, ಕೆಲಸಕ್ಕೆ ದಿನಾ ಹೋಗಿಬರಲು ಬಸ್ಸಿಲ್ಲ, ಅದಕ್ಕೇ ಹುಡುಗರೆಲ್ಲ ಬೆಂಗಳೂರು ಸೇರಿದರು ಎಂದರು. ಎರಡು ಉತ್ತರವೂ ನಿಜ. ಒಂದು ಇನ್ನೊಂದನ್ನು ತಿನ್ನುತ್ತಿದೆ, ಊರು ಸಣ್ಣದಾಗುತ್ತಿದೆ.

ಜನಗಣತಿಯಲ್ಲಿ ತಲೆಗಳನ್ನು ಮಾತ್ರ ಎಣಿಸುವುದಿಲ್ಲ. 2011ರ ಗಣತಿಯ ಗ್ರಾಮ ಕೈಪಿಡಿಯಲ್ಲಿ ಪ್ರತಿ ಹಳ್ಳಿಗೆ ಬಸ್ಸು, ಆಸ್ಪತ್ರೆ, ಶಾಲೆ ಇದೆಯೇ, ಇಲ್ಲದಿದ್ದರೆ ಐದು ಕಿಲೋಮೀಟರಿನೊಳಗೋ, ಐದರಿಂದ ಹತ್ತರೊಳಗೋ, ಹತ್ತಕ್ಕೂ ದೂರವೋ ಎಂದು ಬರೆದಿದ್ದಾರೆ. ಐದು ಕಿಲೋಮೀಟರಿನೊಳಗೆ ಎಂದರೆ ಕಾಗದದಲ್ಲಿ ಹತ್ತಿರ. ಅಜ್ಜಿಯ ಮಂಡಿಗೆ ಅದು ಹತ್ತಿರವಲ್ಲ.

ಗಡಿಯ ತೊಡಕು ಬೇರೆ. ಕರ್ನಾಟಕದಲ್ಲಿ 2023ರ ಜೂನ್‌ನಿಂದ, ಆಂಧ್ರದಲ್ಲಿ 2025ರ ಆಗಸ್ಟ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ಅದು ಅವರವರ ರಾಜ್ಯದೊಳಗೆ. ಅಜ್ಜಿಗೆ ಹಿಂದೂಪುರಕ್ಕೆ ಟಿಕೆಟ್ ಬೇಡ. ಮಗಳ ಮನೆಯಿರುವ ಶಿರಾಕ್ಕೆ ಬೇಕು. "ಇರಲಿ ಬಿಡಪ್ಪಾ, ಮೊದಲು ಬಸ್ಸು ಬರಲಿ, ದುಡ್ಡು ಆಮೇಲೆ ನೋಡಾಣ" ಎಂದು ನಕ್ಕರು.

ಹಿಂದಿರುಗುವಾಗ ನಮಗೆ ನಾಚಿಕೆಯಾಯಿತು. ಚಕ್ರವರ್ತಿಗೆ ಬೇಕಿದ್ದದ್ದು ಲೆಕ್ಕ. ಆ ಬಸುರಿ ಹೇಗೆ ಬರುತ್ತಾಳೆಂದು ಅವನು ಕೇಳಲಿಲ್ಲ. ಗೈರುಹಾಜರಿ ಬರೆದ ನಾವೂ ಕೇಳಿರಲಿಲ್ಲ.

ಈಗ ಭಾನುವಾರಕ್ಕೆ ಸರದಿ ಹಾಕಿಕೊಂಡಿದ್ದೇವೆ. ಎಲ್ಲರೂ ಸೇರಿ ಒಂದು ಆಟೋ ಗೊತ್ತುಮಾಡಿದ್ದೇವೆ. ದಾರಿಯಲ್ಲಿ ಯಾವ ಜಾತಿ, ಯಾವ ಮತದ ಹಿರಿಯರು ಕೈ ಅಡ್ಡ ಹಿಡಿದರೂ ನಿಲ್ಲಿಸಬೇಕೆಂದು ಮಾತಾಗಿದೆ. ಬಸ್ಸಿಗಾಗಿ ಊರವರು ಬರೆದ ಅರ್ಜಿಗೆ ತೆಲುಗಿನಲ್ಲಿ ಪ್ರತಿ ಮಾಡಿಕೊಟ್ಟೆವು. ಆಟೋ ಬಸ್ಸಿಗೆ ಸಮವಲ್ಲ, ಅದು ನಮಗೆ ಗೊತ್ತು. ಪರೀಕ್ಷೆ ಬಂದರೆ ಸರದಿ ತಪ್ಪಬಹುದು, ಆದ್ದರಿಂದ ಅರ್ಜಿಯ ಬೆನ್ನು ಬಿಡುವಂತಿಲ್ಲ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಆ ಗಣತಿಯಲ್ಲಿ ಅಜ್ಜಿಯನ್ನು ಸರ್ಕಾರ ಎಣಿಸುತ್ತದೆ. ಅದಕ್ಕೆ ಮೊದಲು ಕ್ರಿಸ್‌ಮಸ್ ರಾತ್ರಿಯ ಪೂಜೆಗೆ ಅವರನ್ನು ಕರೆತರುವುದು ನಮ್ಮ ಪಾಲಿನ ಕೆಲಸ. ನಿಮ್ಮ ಬೀದಿಯಲ್ಲೂ ಯಾರಾದರೂ ಕೆಲವು ವಾರಗಳಿಂದ ಕಾಣದಿದ್ದರೆ, ಗೈರು ಎಂದು ಬರೆಯುವ ಮುಂಚೆ ಒಮ್ಮೆ ಅವರ ಜಗಲಿಗೆ ಹೋಗಿ ಬನ್ನಿ.