ಎರಡನೇ ಸಲ

ನಮ್ಮ ವಾಯುಪಡೆಯ ಪೈಲಟ್ ಆಯ್ಕೆಗೆ ಸಿಪಿಎಸ್‌ಎಸ್ ಅಂತ ಒಂದು ಪರೀಕ್ಷೆ ಇದೆ. ಜೀವಮಾನದಲ್ಲಿ ಒಂದೇ ಅವಕಾಶ. ಎಂಜಿನಿಯರಿಂಗ್ ಮುಗಿಸಿದ ವರ್ಷ ಮೈಸೂರಿನಲ್ಲಿ ನಾನು ಅದರಲ್ಲಿ ಪಾಸಾಗಲಿಲ್ಲ. ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ.

ಟೆಕ್ಸಾಸ್‌ನಲ್ಲೇ ಹುಟ್ಟಿ ಬೆಳೆದ ಚಿಕ್ಕಪ್ಪನ ಮಗ ಈಗ ಅಮೆರಿಕ ನೌಕಾಪಡೆಯ ಎಎಸ್‌ಟಿಬಿಗೆ ಎರಡನೇ ಸಲ ತಯಾರಾಗ್ತಿದ್ದಾನೆ. ಅಲ್ಲಿ ಒಟ್ಟು 3 ಅವಕಾಶ. ಆದ್ರೆ ಅಂಕ ಮೊದಲಿಗಿಂತ ಕಡಿಮೆ ಬಂದ್ರೂ ಕೊನೆಯದೇ ಲೆಕ್ಕಕ್ಕೆ.

ಗಣಿತ ಅವನಿಗೆ ಸಲೀಸು. ಕಷ್ಟ ಆಗಿದ್ದು ಹೆಡ್‌ಫೋನ್ ಭಾಗ. ಎರಡು ಕಿವಿಗೂ ಬೇರೆ ಬೇರೆ ಅಕ್ಷರ, ಅಂಕಿ ಕೇಳಿಸುತ್ತೆ. ಹೇಳಿದ ಕಿವಿಯದನ್ನಷ್ಟೇ ಗಮನಿಸಿ, ಅಂಕಿ ಸಮವೋ ಬೆಸವೋ ನೋಡಿ ಬಟನ್ ಒತ್ತಬೇಕು. ಜೊತೆಗೇ ಪರದೆ ಮೇಲೆ ಓಡಾಡೋ ಗುರಿಯನ್ನ ಜಾಯ್‌ಸ್ಟಿಕ್‌ನಿಂದ ಹಿಂಬಾಲಿಸಬೇಕು.

ಭಾನುವಾರ ಬೆಳಗ್ಗೆ, ಅಲ್ಲಿ ಶನಿವಾರ ರಾತ್ರಿ, ಫೋನಿನಲ್ಲಿ ಅವನ ಬಲಗಿವಿಗೆ ನಾನು ಅಂಕಿ ಓದ್ತೀನಿ. ಎಡಗಡೆ ಕೂತು ಚಿಕ್ಕಮ್ಮ ಬೇರೆ ಅಂಕಿ ಓದ್ತಾರೆ.

“ಅಕ್ಕಾ, ನಿಂಗೆ ಹೊಟ್ಟೆ ಉರಿಯಲ್ವಾ?” ಅಂದ ಮೊನ್ನೆ.

“ಉರಿಯುತ್ತೆ ಕಣೋ. ಏಳು. ಬಟನ್ ಒತ್ತು.”