ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಮದ್ಯಸಾರದ ಕಾಟ

ಅಮೆರಿಕದಲ್ಲಿ ಮನೆಯ ಷೆಡ್ಡಿನಲ್ಲೇ ವಿಮಾನ ಕಟ್ಟಿ ಹಾರಿಸುವ ಹವ್ಯಾಸಿಗಳು ಸಾವಿರಾರು ಮಂದಿ. ಬರ್ಟ್ ರುಟಾನ್ ರೂಪಿಸಿದ, 1979ರಲ್ಲಿ ಮೊದಲು ಹಾರಿದ ಲಾಂಗ್-ಈಝೀ ಅಂಥದೊಂದು ವಿಮಾನ. ಅದರ ಇಂಧನ ತೊಟ್ಟಿ ಲೋಹದ್ದಲ್ಲ. ಫೋಮಿನ ಹಲಗೆಗೆ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿಯಿಂದ ಅಂಟಿಸಿ, ರೆಕ್ಕೆಯ ಬುಡದಲ್ಲೇ ಕಟ್ಟಿದ್ದು.

ವಿಮಾನದ ಪೆಟ್ರೋಲ್ ದುಬಾರಿ. ಹಾಗಾಗಿ ಕೆಲವರು ಕಾರಿನ ಪೆಟ್ರೋಲನ್ನೇ ತುಂಬುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ಎಥನಾಲ್, ಅಂದರೆ ಮದ್ಯಸಾರ, ಬೆರೆತಿರುತ್ತದೆ. ಇದು ಕೆಲವು ಬಗೆಯ ಎಪಾಕ್ಸಿಯನ್ನು ಮೆತ್ತಗಾಗಿಸುತ್ತದೆ. ಸೋರಿಕೆ ತಡೆಯಲು ತೊಟ್ಟಿಯೊಳಗೆ ಬಳಿದ ಹಳೆಯ ಲೇಪನ ಸಿಪ್ಪೆಯೆದ್ದು ಫಿಲ್ಟರನ್ನು ಕಟ್ಟಿಬಿಡಬಹುದು. ಕೆಟ್ಟ ಕಾರನ್ನು ರಸ್ತೆ ಬದಿಗೆ ನಿಲ್ಲಿಸಬಹುದು, ವಿಮಾನವನ್ನು?

ನೀರಿನ ಕಥೆ ಇನ್ನೂ ಸ್ವಾರಸ್ಯ. ಎಥನಾಲ್ ನೀರನ್ನು ಹೀರಿ ಪೆಟ್ರೋಲಿನಲ್ಲಿ ಬಚ್ಚಿಡುತ್ತದೆ. ಮೇಲೇರಿದಂತೆ ಪ್ರತಿ ಕಿಲೋಮೀಟರಿಗೆ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದಲ್ಲ, ಆಗ ಹಿಡಿದಿಡಲಾರದೆ ನೀರಿನೊಡನೆ ತಾನೂ ತಳಕ್ಕಿಳಿಯುತ್ತದೆ. ಎಂಜಿನ್ನಿಗೆ ಇಂಧನ ಹೋಗುವುದೂ ತಳದಿಂದಲೇ!

ಪತ್ತೆಹಚ್ಚುವ ಉಪಾಯ ಸರಳ. ಅಳತೆಯ ಗೆರೆಗಳಿರುವ ಗಾಜಿನ ಜಾಡಿಗೆ 10 ಮಿ.ಲೀ. ನೀರು, ಅದರ ಮೇಲೆ 90 ಮಿ.ಲೀ. ಪೆಟ್ರೋಲ್ ಹಾಕಿ, ಮುಚ್ಚಿ ಕುಲುಕಿ, ಸ್ವಲ್ಪ ಹೊತ್ತು ಬಿಡುತ್ತಾರೆ. ತಳದ ನೀರಿನ ಮಟ್ಟ 10ರ ಗೆರೆ ದಾಟಿತೋ, ಎಥನಾಲ್ ಇದೆ ಎಂದರ್ಥ. (ವಿದ್ಯಾರ್ಥಿಗಳೇ, ಇದನ್ನು ಮನೆಯಲ್ಲಿ ಮಾಡಬೇಡಿ; ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು.)

ಹೊಸದಾಗಿ ಕಟ್ಟುವವರಲ್ಲಿ ಕೆಲವರು ಎಥನಾಲನ್ನು ಚೆನ್ನಾಗಿ ತಾಳುವ ವಿನೈಲ್ ಎಸ್ಟರ್ ರಾಳ ಬಳಸುತ್ತಾರೆ. ಜಾಣರಾದವರು ಮೊದಲು ಅದೇ ರಾಳದ ತುಂಡೊಂದನ್ನು ಇಂಧನದಲ್ಲಿ ವಾರಗಟ್ಟಲೆ ನೆನೆಹಾಕಿ, ಉಗುರಿನಿಂದ ಕೆರೆದು ನೋಡಿ, ಆಮೇಲಷ್ಟೇ ತೊಟ್ಟಿಯ ಮುಚ್ಚಳ ಅಂಟಿಸುತ್ತಾರೆ.